ಮೀಟರ್ ಬೋರ್ಡಿನ ಹಿಂದಿನ ಬಣ್ಣಗಳು

ಹಳೆಯ ಅಂಬಾಸಿಡರ್ ಕಾರಿನ ಮೀಟರ್ ಬೋರ್ಡನ್ನು ಬಿಚ್ಚಿ ಮುಂದಕ್ಕೆ ಎಳೆದರೆ ಅದರ ಬೆನ್ನಿಗೆ ಒಂದು ಹಿಡಿ ತಂತಿ ಅಂಟಿಕೊಂಡು ಬರುತ್ತದೆ. ಕಂದು, ಬಿಳಿ, ಹಸಿರು, ಕೆಂಪು, ಕಪ್ಪು. ಕೆಲವಕ್ಕೆ ಮೈಮೇಲೆ ಇನ್ನೊಂದು ಬಣ್ಣದ ಸಪೂರ ಗೆರೆ. ಇವು ಕಾರ್ಖಾನೆಯಿಂದಲೇ ಬಂದವು. ಇವುಗಳ ನಡುವೆ ಆಮೇಲೆ ನುಸುಳಿದವೂ ಇರುತ್ತವೆ. ಯಾವುದೋ ಕಾಲದಲ್ಲಿ ಟೇಪ್ ರೆಕಾರ್ಡರಿಗೆ ಎಳೆದದ್ದು, ಫಾಗ್ ಲೈಟಿಗೆ ಎಳೆದದ್ದು, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದಾಗ ಹೀಟರ್ ಪ್ಲಗ್ಗಿಗೆ ಎಳೆದದ್ದು. ಮನೆ ವೈರಿಂಗಿನ ತುಂಡು ಸಿಕ್ಕಿದರೂ ಆಶ್ಚರ್ಯವಿಲ್ಲ. ಗಾಡಿ ಎಷ್ಟು ಕೈ ದಾಟಿ ಬಂದಿದೆ ಎಂಬುದನ್ನು ಆರ್‌ಸಿ ಪುಸ್ತಕಕ್ಕಿಂತ ಈ ಹಿಡಿ ತಂತಿಯೇ ಚೆನ್ನಾಗಿ ಹೇಳುತ್ತದೆ.

ಈಗ ಹಳೇ ಗಾಡಿಗಳನ್ನು ಹೊಸದರಂತೆ ಮಾಡಿ ಇಟ್ಟುಕೊಳ್ಳುವ ಹುಮ್ಮಸ್ಸು ನಮ್ಮ ಕಡೆಯೂ ಇದೆ. ಗಲ್ಫಿನಿಂದ ರಜೆಗೆ ಬಂದವರು ಬಾಪನ ಕಾಲದ ಅಂಬಾಸಿಡರನ್ನೋ ಜೀಪನ್ನೋ ಶೆಡ್ಡಿನಿಂದ ಹೊರಗೆ ತರುತ್ತಾರೆ. ಬಣ್ಣಕ್ಕೆ, ಸೀಟಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಪೆಟ್ರೋಲ್ ಗೇಜ್ ಕೆಲಸ ಮಾಡುತ್ತಿಲ್ಲ ಎಂದರೆ ಮಾತ್ರ ತಂತಿಯನ್ನೆಲ್ಲ ಕತ್ತರಿಸಿ ಎಸೆದು, ಅಂಗಡಿಯಲ್ಲಿ ಸಿಕ್ಕಿದ ಒಂದೇ ಬಣ್ಣದ ಸುರುಳಿಯಿಂದ ಹೊಸದಾಗಿ ಎಳೆಸಿಬಿಡುತ್ತಾರೆ. ಗಾಡಿ ಓಡುತ್ತದೆ, ನಿಜ. ಆದರೆ ಆ ಕತ್ತರಿಗೆ ಸಿಕ್ಕಿ ಹೋಗುವುದು ಏನೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಅದರ ಬೆನ್ನಿಗೇ, 1957-58ರಲ್ಲಿ, ಕಲ್ಕತ್ತೆಯ ಪಕ್ಕದ ಉತ್ತರಪಾಡಾದಿಂದ ಹಿಂದುಸ್ತಾನ್ ಮೋಟಾರ್ಸಿನ ಅಂಬಾಸಿಡರ್ ಹೊರಬಂತು. ಹೊಸ ಹೆಸರು, ಆದರೆ ಹಳೆಯ ವಂಶ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಅದು. ಅದಕ್ಕೂ ಮೊದಲಿನ ಲ್ಯಾಂಡ್‌ಮಾಸ್ಟರ್ ಎರಡನೇ ಸರಣಿಯದ್ದು. ಮಾರಿಸ್ ಜತೆಗೇ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪೆನಿಯ ವಿದ್ಯುತ್ ಪದ್ಧತಿಯೂ, ಸ್ಮಿತ್ಸ್ ಕಂಪೆನಿಯ ಗೇಜುಗಳ ಪದ್ಧತಿಯೂ ಸಮುದ್ರ ದಾಟಿ ಬಂದವು. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್ ಶುರುವಾದ ಮೇಲೆ ಡೈನಮೋ, ಸೆಲ್ಫ್ ಮೋಟಾರುಗಳು ಇಲ್ಲಿಯೇ ತಯಾರಾದವು. 1970ರ ದಶಕದಲ್ಲಿ ಕೊಯಮತ್ತೂರಿನ ಪ್ರಿಕಾಲ್ ಮೀಟರುಗಳ ತಯಾರಿಗೆ ಇಳಿಯಿತು. ಗಡಿ ಎಲ್ಲಿ ಎಳೆದರೂ ಮಂಗಳೂರು, ಉಪ್ಪಳ, ಕುಂಬಳೆ, ಕಾಸರಗೋಡಿನ ಗ್ಯಾರೇಜುಗಳಿಗೆ ಬಂದ ತಂತಿಯ ಬಣ್ಣ ಒಂದೇ.

ಲ್ಯೂಕಾಸ್ ಮಾಡಿದ ಬಣ್ಣದ ಕ್ರಮ ಸುಲಭ. ಕಂದು ಎಂದರೆ ಬ್ಯಾಟರಿಯಿಂದ ನೇರವಾಗಿ ಬಂದದ್ದು, ಕೀ ತೆಗೆದರೂ ಕರೆಂಟ್ ಇರುವುದು, ಫ್ಯೂಸ್ ಇಲ್ಲದ್ದು. ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ ಜೀವ ಬರುವುದು. ಬಿಳಿ ಫ್ಯೂಸ್ ದಾಟಿದ ಮೇಲೆ ಹಸಿರಾಗುತ್ತದೆ. ಗೇಜುಗಳಿಗೆ ಕರೆಂಟ್ ಕೊಡುವುದು ಈ ಹಸಿರು. ಹಸಿರಿಗೆ ಕಪ್ಪು ಗೆರೆ ಇದ್ದರೆ ಪೆಟ್ರೋಲ್ ಟ್ಯಾಂಕಿಗೆ ಹೋಗುವ ತಂತಿ, ನೀಲಿ ಗೆರೆ ಇದ್ದರೆ ಎಂಜಿನ್ನಿನ ಬಿಸಿ ಅಳೆಯುವ ಯೂನಿಟ್ಟಿಗೆ. ಬಿಳಿಗೆ ಕಂದು ಗೆರೆ ಆಯಿಲ್ ಪ್ರೆಷರ್ ಲ್ಯಾಂಪಿಗೆ. ಕೆಂಪಿಗೆ ಬಿಳಿ ಗೆರೆ ಮೀಟರ್ ಬೋರ್ಡಿನ ದೀಪಕ್ಕೆ. ಕಪ್ಪು ಅರ್ಥ್.

ಇದರಲ್ಲಿ ಒಂದಕ್ಷರ ಇಂಗ್ಲಿಷ್ ಇಲ್ಲ ಎಂಬುದೇ ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಕೆಲಸ ಕಲಿತವರಲ್ಲಿ ನಾಲ್ಕನೇ ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗರೇ ಹೆಚ್ಚು. ಕೆಲಸ ಕಲಿಸುವವರು ಒಬ್ಬರಿಗೆ ಕಾಕ, ಇನ್ನೊಬ್ಬರಿಗೆ ಮೇಸ್ತ್ರಿ, ಕಾಞಂಗಾಡಿನ ಕಡೆಗೆ ಹೋದರೆ ಆಶಾನ್. ಬ್ಯಾರಿ, ತುಳು, ಮಲಯಾಳ, ಕೊಂಕಣಿ, ಕನ್ನಡ ಎಲ್ಲ ಒಂದೇ ಬಾನೆಟ್ಟಿನ ಕೆಳಗೆ. ಸರ್ವಿಸ್ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು, ಅದು ಗ್ಯಾರೇಜಿನವರೆಗೆ ಬಂದದ್ದೇ ಅಪರೂಪ. ಬಣ್ಣ ಮಾತ್ರ ಎಲ್ಲರಿಗೂ ಓದಲು ಬರುತ್ತಿತ್ತು. "ಮೋನೇ, ಪಚ್ಚೆ ನೋಡು" ಎಂದರೆ ಯಾವ ಊರಿನ ಹುಡುಗನಿಗೂ ಅರ್ಥವಾಗುವ ಮಾತು. ನಮ್ಮ ಬ್ಯಾರಿ ಭಾಷೆಯನ್ನು ನಾವು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದ ಹಾಗೆ, ಈ ಕಸುಬನ್ನು ನಮ್ಮ ಹಿರಿಯರು ಲ್ಯೂಕಾಸಿನ ಬಣ್ಣದಲ್ಲಿ ಬರೆದುಕೊಂಡರು ಎನ್ನಬಹುದು.

ಎಲ್ಲ ಗೇಜುಗಳಿಗೂ ತಂತಿ ಬೇಕಿಲ್ಲ, ಇದನ್ನೂ ಹೇಳಬೇಕು. ಸ್ಪೀಡೋಮೀಟರ್ ನಡೆಯುವುದು ಗೇರ್ ಬಾಕ್ಸಿನಿಂದ ಬರುವ ಕೇಬಲಿನಿಂದ. ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅದು ಮುಟ್ಟದೆಯೇ ಒಂದು ಲೋಹದ ಬಟ್ಟಲನ್ನು ಎಳೆಯುತ್ತದೆ, ಸಣ್ಣ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಸ್ಟ್ರಾಸ್‌ಬರ್ಗಿನ ಆಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಆಯಿಲ್ ಪ್ರೆಷರ್ ಗೇಜ್ ಇನ್ನೂ ಹಳತು. ಫ್ರಾನ್ಸಿನ ಯುಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ, ಬಾಗಿದ ಚಪ್ಪಟೆ ಕೊಳವೆ ಅದರೊಳಗಿದೆ. ಒತ್ತಡ ಹೆಚ್ಚಿದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಎಂಜಿನ್ನಿನಿಂದ ಮೀಟರ್ ಬೋರ್ಡಿನವರೆಗೆ ತೆಳ್ಳಗಿನ ತಾಮ್ರದ ಪೈಪಿನಲ್ಲಿ ಆಯಿಲೇ ಬರುತ್ತದೆ. ಪೈಪ್ ಸೀಳಿದರೆ ಡ್ರೈವರನ ಕಾಲಿಗೆ ಬಿಸಿ ಆಯಿಲ್ ಅಭಿಷೇಕ. ಆ ಭಯಕ್ಕೇ ಅನೇಕರು ಅದನ್ನು ತೆಗೆಸಿ ಎಲೆಕ್ಟ್ರಿಕ್ ಗೇಜ್ ಹಾಕಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ದುಡುಕು. ಪೈಪನ್ನೂ ಅದರ ತುದಿಯ ವಾಷರನ್ನೂ ಹೊಸದು ಮಾಡಿದರೆ ಸಾಕು. ಸ್ಪೀಡೋಮೀಟರನ್ನು ಬಿಟ್ಟರೆ, ಬ್ಯಾಟರಿ ಸತ್ತರೂ ನಿಜ ಹೇಳುವ ಗೇಜ್ ಇಡೀ ಬೋರ್ಡಿನಲ್ಲಿ ಅದೊಂದೇ ಇರಬಹುದು.

ತಂತಿಯ ಕತೆ ನಿಜವಾಗಿ ಶುರುವಾಗುವುದು ಪೆಟ್ರೋಲ್ ಗೇಜಿನಲ್ಲಿ. ಟ್ಯಾಂಕಿನೊಳಗೆ ಒಂದು ತೇಲುಬುರುಡೆ. ಅದರ ಕೈ ಒಂದು ರೆಸಿಸ್ಟೆನ್ಸ್ ಸುರುಳಿಯ ಮೇಲೆ ಜಾರುತ್ತದೆ. ಅಲ್ಲಿಂದ ಒಂದೇ ತಂತಿ ಗೇಜಿಗೆ ಬರುತ್ತದೆ, ಇನ್ನೊಂದು ತುದಿ ಟ್ಯಾಂಕಿನ ಮೈಗೆ, ಅಂದರೆ ಅರ್ಥ್‌ಗೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಬ್ರಿಟಿಷ್ ಮೂಲದ ಗಾಡಿಗಳಲ್ಲಿ ಇದರದ್ದೇ ಎರಡು ತಲೆಮಾರುಗಳಿವೆ, ಅವು ಒಂದಕ್ಕೊಂದು ತಿರುಗುಮುರುಗು.

ಮೊದಲನೆಯದು 1950ರ ದಶಕದ ಗೇಜ್. ಒಳಗೆ ಎರಡು ಕಾಯಿಲ್, ನಡುವೆ ಒಂದು ಕಬ್ಬಿಣದ ತುಂಡು. ಯಾವ ಕಾಯಿಲ್ ಬಲವಾಗಿ ಎಳೆಯುತ್ತದೋ ಅತ್ತ ಮುಳ್ಳು. ಕೀ ಹಾಕಿದ ತಕ್ಷಣ ಮುಳ್ಳು ಟಪ್ಪನೆ ಏಳುತ್ತದೆ, ತಿರುವಿನಲ್ಲಿ ಪೆಟ್ರೋಲ್ ಕುಲುಕಿದ ಹಾಗೆ ತಾನೂ ಕುಲುಕುತ್ತದೆ. ಇದರಲ್ಲಿ ಟ್ಯಾಂಕ್ ಖಾಲಿಯಾದಾಗ ರೆಸಿಸ್ಟೆನ್ಸ್ ಸೊನ್ನೆಯ ಹತ್ತಿರ, ತುಂಬಿದಾಗ ಸುಮಾರು 70ರಿಂದ 90 ಓಮ್. ಎರಡನೆಯದು 1960ರ ದಶಕದ ನಡುವಿನಿಂದ ಬ್ರಿಟಿಷ್ ಕಾರುಗಳಿಗೆ ಬಂದದ್ದು. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ, ಅದಕ್ಕೆ ಸುತ್ತಿದ ಹೀಟರ್ ತಂತಿ. ಪಟ್ಟಿ ಬಿಸಿಯಾಗಿ ಬಾಗಿದಂತೆ ಮುಳ್ಳು ನಿಧಾನಕ್ಕೆ ಮೇಲೇರುತ್ತದೆ, ಕುಲುಕಾಟವಿಲ್ಲ. ಇದರಲ್ಲಿ ಖಾಲಿ ಎಂದರೆ ಸುಮಾರು 240 ಓಮ್, ತುಂಬಿದ್ದಕ್ಕೆ 30ರ ಸುಮಾರು.

ಅಂದರೆ ಒಂದು ಕಾಲದ ಗೇಜಿಗೆ ಇನ್ನೊಂದು ಕಾಲದ ಟ್ಯಾಂಕ್ ಯೂನಿಟ್ ಸಿಕ್ಕಿಸಿದರೆ ತುಂಬಿದ ಟ್ಯಾಂಕ್ ಖಾಲಿಯಾಗಿಯೂ ಖಾಲಿ ಟ್ಯಾಂಕ್ ತುಂಬಿದಂತೆಯೂ ಕಾಣಲು ಹೊರಡುತ್ತದೆ. ಗುಜರಿಯಿಂದ ತಂದ ಬಿಡಿಭಾಗ ಹಾಕಿದ ಎಷ್ಟೋ ಗಾಡಿಗಳಲ್ಲಿ "ಹೊಸ ಯೂನಿಟ್ ಹಾಕಿದರೂ ಗೇಜ್ ಹುಚ್ಚುಚ್ಚಾಗಿ ತೋರಿಸುತ್ತದೆ" ಎನ್ನುವುದರ ಗುಟ್ಟು ಇಷ್ಟೇ. ಯಾವ ತಲೆಮಾರಿನ ಗೇಜ್ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಟ್ಯಾಂಕಿನ ಹತ್ತಿರ ಹಸಿರು-ಕಪ್ಪು ತಂತಿಯನ್ನು ಬಿಚ್ಚಿ ಗಾಳಿಯಲ್ಲಿ ಹಿಡಿದು ಕೀ ಹಾಕಿ. ಮುಳ್ಳು ತುಂಬಿದ ಕಡೆಗೆ ಹೋದರೆ ಹಳೆಯ ಕಾಯಿಲ್ ಗೇಜ್. ಖಾಲಿಯಲ್ಲೇ ಕೂತರೆ ಪಟ್ಟಿಯ ಗೇಜ್. ತಂತಿಯನ್ನು ಅರೆಗಳಿಗೆ ಬಾಡಿಗೆ ತಾಗಿಸಿದರೆ ಎರಡೂ ಇದಕ್ಕೆ ಉಲ್ಟಾ ಹೋಗಬೇಕು. ತೆರೆದ ಟ್ಯಾಂಕಿನ ಬಾಯಿಯ ಬಳಿ ಮಾತ್ರ ಇದನ್ನು ಮಾಡಬಾರದು, ಕಿಡಿ ಹಾರಿದರೆ ಗೇಜಿನ ಚಿಂತೆ ಮಾಡಲು ಯಾರೂ ಉಳಿಯುವುದಿಲ್ಲ.

ಪಟ್ಟಿಯ ಗೇಜುಗಳ ಜತೆಗೆ ಇನ್ನೊಂದು ಸಣ್ಣ ಡಬ್ಬಿ ಬಂತು, ವೋಲ್ಟೇಜ್ ಸ್ಟೆಬಿಲೈಸರ್. ಬಿಸಿಯಿಂದ ನಡೆಯುವ ಗೇಜಿಗೆ ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ಈ ಡಬ್ಬಿ ಕರೆಂಟನ್ನು ಕೊಟ್ಟು ತೆಗೆದು, ಕೊಟ್ಟು ತೆಗೆದು, ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಅದರೊಳಗೂ ಒಂದು ಬಾಗುವ ಪಟ್ಟಿಯೇ. ಹಸಿರು ಒಳಗೆ ಹೋಗುತ್ತದೆ, ತಿಳಿಹಸಿರು ಹೊರಗೆ ಬರುತ್ತದೆ. ಒಂದೇ ಬಣ್ಣದ ತಂತಿಯಿಂದ ಬೋರ್ಡ್ ಕಟ್ಟಿದವರು ಮೊದಲು ಎಡವುವುದು ಇಲ್ಲಿ. ಹಸಿರನ್ನೂ ತಿಳಿಹಸಿರನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತಿಬಿಡುತ್ತಾರೆ. ಗೇಜಿಗೆ ನೇರ 12 ವೋಲ್ಟು, ಗಾಡಿ ಓಡುವಾಗ 14. ಪೆಟ್ರೋಲ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ, ಎಂಜಿನ್ ತಣ್ಣಗಿದ್ದರೂ ಮುಳ್ಳು ಬಿಸಿಯ ಕಡೆಗೆ. ಪೆಟ್ರೋಲ್ ಮತ್ತು ಬಿಸಿ ಎರಡೂ ಒಟ್ಟಿಗೆ ಜಾಸ್ತಿ ತೋರಿಸಿದರೆ ಮೊದಲು ಅನುಮಾನಿಸಬೇಕಾದ್ದು ಈ ಡಬ್ಬಿಯನ್ನು. ಅದರ ಮೈಗೆ ಅರ್ಥ್ ಸರಿಯಾಗಿ ಸಿಗದಿದ್ದರೂ ಇದೇ ಕತೆ. ಈಗ ಅದೇ ಡಬ್ಬಿಯೊಳಗೆ 7810 ಎಂಬ ಮೂರು ಕಾಲಿನ ಚಿಪ್ ಕೂರಿಸುತ್ತಾರೆ, ಒಳ್ಳೆಯ ಕೆಲಸ. ಆದರೆ ಅದು ನೆಗೆಟಿವ್ ಅರ್ಥ್ ಇರುವ ಗಾಡಿಗೆ ಮಾತ್ರ.

ಅರ್ಥ್ ಅಂದದ್ದಕ್ಕೆ ಇನ್ನೊಂದು ಹಳೆಯ ಗೊಂದಲ ಹೇಳಬೇಕು. ಬ್ಯಾಟರಿಯ ಯಾವ ತಲೆಯನ್ನು ಗಾಡಿಯ ಮೈಗೆ ಕಟ್ಟಬೇಕು? ಬ್ರಿಟನ್ನಿನ ಕಾರುಗಳು 1930ರ ದಶಕದಲ್ಲಿ ಪಾಸಿಟಿವನ್ನು ಮೈಗೆ ಕಟ್ಟಲು ಶುರು ಮಾಡಿದವು. ತುಕ್ಕು ಕಡಿಮೆ, ಪ್ಲಗ್ಗಿಗೆ ಒಳ್ಳೆಯದು ಎಂಬ ನಂಬಿಕೆ. ಮಾರಿಸ್ ಆಕ್ಸ್‌ಫರ್ಡ್ ಕೂಡ ಆ ಪೈಕಿ. ಅದೇ ಕಾಲದಲ್ಲಿ ಯುದ್ಧ ಮುಗಿದು ಸೇನೆಯ ಡಿಸ್ಪೋಸಲಿನಲ್ಲಿ ಬಂದ ವಿಲ್ಲೀಸ್ ಜೀಪುಗಳು ಅಮೆರಿಕದವು, 6 ವೋಲ್ಟಿನವು, ನೆಗೆಟಿವ್ ಅರ್ಥ್‌ನವು. ಮಹೀಂದ್ರದವರು ಬೊಂಬಾಯಿಯ ಮಜಗಾಂವಿನಲ್ಲಿ ಜೀಪ್ ಜೋಡಿಸಲು ತೊಡಗಿದ್ದು 1949ರಲ್ಲಿ. ಹೀಗೆ ಒಂದೇ ಗ್ಯಾರೇಜಿನ ಅಂಗಳದಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ನಿಂತರೆ ಒಂದರ ಮೈ ಪ್ಲಸ್, ಇನ್ನೊಂದರ ಮೈ ಮೈನಸ್. ಒಂದರ ಬ್ಯಾಟರಿಯಿಂದ ಇನ್ನೊಂದನ್ನು ಸ್ಟಾರ್ಟ್ ಮಾಡುವ ಉಪಕಾರ ಬುದ್ಧಿ ಎಷ್ಟು ಅಪಾಯಕರ ಎಂದು ಊಹಿಸಿ.

ಡೈನಮೋ ಇರುವವರೆಗೆ ಇದನ್ನು ಬದಲಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಬ್ಯಾಟರಿ ತಿರುಗಿಸಿ ಇಟ್ಟು, ಡೈನಮೋದ ಫೀಲ್ಡ್ ತಲೆಗೆ ಬ್ಯಾಟರಿಯ ತಂತಿಯನ್ನು ಕ್ಷಣಕಾಲ ತಾಗಿಸಿದರೆ ಅದು ಹೊಸ ದಿಕ್ಕಿಗೆ ಒಗ್ಗಿಕೊಳ್ಳುತ್ತಿತ್ತು. ಆಲ್ಟರ್ನೇಟರ್ ಬಂದ ಮೇಲೆ ಆಟ ನಿಂತಿತು. ಅದರೊಳಗಿನ ಡಯೋಡುಗಳಿಗೆ ಉಲ್ಟಾ ಬ್ಯಾಟರಿ ಸಿಕ್ಕಿದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತವೆ. ಬ್ರಿಟಿಷ್ ಕಾರುಗಳೂ 1960ರ ದಶಕದ ಕೊನೆಯ ಹೊತ್ತಿಗೆ ನೆಗೆಟಿವ್ ಅರ್ಥ್‌ಗೆ ಬಂದವು. ಹಳೇ ಗಾಡಿಯನ್ನು ಈಗ ತಿರುಗಿಸುವವರಿಗೆ ಸಮಾಧಾನದ ವಿಷಯವೆಂದರೆ, ಕಾಯಿಲ್ ಗೇಜಿಗೂ ಪಟ್ಟಿಯ ಗೇಜಿಗೂ ಪ್ಲಸ್ ಮೈನಸ್ ಭೇದವಿಲ್ಲ. ಕಬ್ಬಿಣದ ತುಂಡಿಗೆ ಯಾವ ಧ್ರುವವಾದರೂ ಸೈ, ಬಿಸಿಗಂತೂ ದಿಕ್ಕೇ ಇಲ್ಲ. ತಿರುಗಿಸಬೇಕಾದ್ದು ಆಂಪ್ ಮೀಟರಿನ ಎರಡು ತಂತಿ, ಇಗ್ನಿಷನ್ ಕಾಯಿಲಿನ ಎರಡು ತಂತಿ. ರೇಡಿಯೋ ಇದ್ದರೆ ಅದನ್ನು ಬಿಚ್ಚಿಟ್ಟೇ ಮುಂದುವರಿಯಬೇಕು.

ಆಂಪ್ ಮೀಟರಿನ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಳಿದ ಗೇಜ್ ಸುಳ್ಳು ಹೇಳಿದರೆ ದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತದೆ, ಅಷ್ಟೇ. ಇದು ಕೆಟ್ಟರೆ ಗಾಡಿಯೇ ಉರಿಯಬಹುದು. ಸೆಲ್ಫ್ ಮೋಟಾರನ್ನು ಬಿಟ್ಟರೆ ಬ್ಯಾಟರಿಗೆ ಹೋಗುವ, ಬ್ಯಾಟರಿಯಿಂದ ಬರುವ ಕರೆಂಟೆಲ್ಲ ಈ ಸಣ್ಣ ಮೀಟರಿನ ಹೊಟ್ಟೆಯೊಳಗಿಂದಲೇ ಹಾದುಹೋಗಬೇಕು. ಅದಕ್ಕಾಗಿ ದಪ್ಪ ಕಂದು ತಂತಿ ಎಂಜಿನ್ ಕಡೆಯಿಂದ ಬೋರ್ಡಿಗೆ ಬಂದು ಮತ್ತೆ ಹಿಂದಿರುಗುತ್ತದೆ. ಕಂದು ಎಂದರೆ ಫ್ಯೂಸ್ ಇಲ್ಲದ್ದು ಎಂದು ಆಗಲೇ ಹೇಳಿದೆ. ಲ್ಯೂಕಾಸಿನ ಸಿ-40 ಡೈನಮೋ ಕೊಡುತ್ತಿದ್ದುದು ಹೆಚ್ಚೆಂದರೆ 22 ಆಂಪಿಯರ್. ಆ ಅಂದಾಜಿಗೆ ಮೀಟರ್, ಆ ಅಂದಾಜಿಗೆ ತಂತಿ. ಆಮೇಲೆ ಆಲ್ಟರ್ನೇಟರ್ ಕೂರಿಸಿದರು, ಅದು 35, 45 ಕೊಡುತ್ತದೆ. ಹ್ಯಾಲೋಜನ್ ಲೈಟ್ ಬಂತು, ಸ್ಟೀರಿಯೋ ಬಂತು, ಫ್ಯಾನ್ ಬಂತು. ಮೀಟರ್ ಮತ್ತು ಅದರ ಹಿಂದಿನ ಎರಡು ನಟ್ಟು ಮಾತ್ರ ಹಳೆಯವೇ. ನಟ್ಟು ಸಡಿಲಾದರೆ ಅಲ್ಲೇ ಬಿಸಿ, ಬಿಸಿಯಾದರೆ ಇನ್ನಷ್ಟು ಸಡಿಲು. ಹಳೇ ಟ್ಯಾಕ್ಸಿಗಳ ಬೋರ್ಡಿನ ಹಿಂದೆ ಕರಕಲಾದ ಕಂದು ತಂತಿಯನ್ನು ಕಂಡವರಿಗೆ ಇದು ಹೊಸತಲ್ಲ. ಕಾರುಗಳು ಮುಂದೆ ಆಂಪ್ ಮೀಟರನ್ನೇ ಬಿಟ್ಟು ವೋಲ್ಟ್ ಮೀಟರಿಗೂ ಚಾರ್ಜಿಂಗ್ ಲ್ಯಾಂಪಿಗೂ ಹೋದದ್ದು ಸುಮ್ಮನೆ ಅಲ್ಲ.

ಆಲ್ಟರ್ನೇಟರ್ ಹಾಕಿದ ಗಾಡಿಗೆ ನಾವೂ ಅದನ್ನೇ ಮಾಡುವುದು ಕ್ಷೇಮ. ಬ್ಯಾಟರಿ ತಂತಿ ಕಳಚಿ, ಆಂಪ್ ಮೀಟರಿನ ಎರಡು ದಪ್ಪ ತಂತಿಗಳನ್ನು ಬೋಲ್ಟ್ ಹಾಕಿ ಭದ್ರವಾಗಿ ಒಂದುಗೂಡಿಸಿ ಮುಚ್ಚಬೇಕು. ವೋಲ್ಟ್ ಮೀಟರಿಗೆ ಫ್ಯೂಸ್ ದಾಟಿದ ಹಸಿರಿನಿಂದ ಒಂದು ಸಪೂರ ತಂತಿ, ಅರ್ಥ್‌ಗೆ ಒಂದು, ಅಷ್ಟು ಸಾಕು. ಆದರೆ ಎರಡು ಮೀಟರುಗಳೂ ನೋಡಲು ಅವಳಿಗಳಂತೆ, ಹಿಂದೆ ಎರಡೆರಡು ನಟ್ಟು. ವೋಲ್ಟ್ ಮೀಟರನ್ನು ಆಂಪ್ ಮೀಟರಿನ ದಪ್ಪ ತಂತಿಗೆ ಕೂರಿಸಿದರೆ ಗಾಡಿಗೆ ಕರೆಂಟೇ ಹೋಗುವುದಿಲ್ಲ. ಅದು ಪರವಾಗಿಲ್ಲ. ಆಂಪ್ ಮೀಟರನ್ನು ವೋಲ್ಟ್ ಮೀಟರಿನಂತೆ ಕಟ್ಟಿದರೆ ಬ್ಯಾಟರಿಗೆ ನೇರ ಶಾರ್ಟ್. ಎಲ್ಲ ತಂತಿಯೂ ಒಂದೇ ಬಣ್ಣದ್ದಾದ ಬೋರ್ಡಿನಲ್ಲಿ ಕತ್ತಲಲ್ಲಿ, ತಲೆ ಕೆಳಗೆ ಮಾಡಿ ಕೆಲಸ ಮಾಡುವ ಹುಡುಗನಿಗೆ ಯಾವುದು ಕಂದು, ಯಾವುದು ಹಸಿರು ಎಂದು ಹೇಳುವವರು ಯಾರು?

ಬಣ್ಣ ಉಳಿಸಿಯೇ ವೈರಿಂಗ್ ಹೊಸದು ಮಾಡುವುದು ಕಷ್ಟವೇನಲ್ಲ, ತಾಳ್ಮೆ ಬೇಕು. 1950ರ ದಶಕದ ತಂತಿಗೆ ಹೊರಗೆ ಹತ್ತಿಯ ನೇಯ್ಗೆ, ಒಳಗೆ ರಬ್ಬರ್. ಆಯಿಲ್, ಧೂಳು ಕುಡಿದು ಎಲ್ಲವೂ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತವೆ. ಕ್ಲಿಪ್ಪಿನ ಅಡಿಯಲ್ಲೋ ಟೇಪಿನ ಒಳಗೋ ಬಿಡಿಸಿ ನೋಡಿದರೆ ಮೂಲ ಬಣ್ಣ ಅಲ್ಲಿ ಹಾಗೆಯೇ ಇರುತ್ತದೆ. ಹಳೆಯ ಕಟ್ಟನ್ನು ಕತ್ತರಿಸದೆ ಇಡಿಯಾಗಿ ಹೊರಗೆ ತೆಗೆದು, ಹಲಗೆಯ ಮೇಲೆ ಮೊಳೆ ಹೊಡೆದು ಹಾಸಿ, ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿದರೆ ಉದ್ದವೂ ತಪ್ಪುವುದಿಲ್ಲ, ಕವಲೂ ತಪ್ಪುವುದಿಲ್ಲ. ಎರಡು ಬಣ್ಣದ ತಂತಿ ಸಿಗದಿದ್ದರೆ ಒಂದು ಬಣ್ಣದ್ದಕ್ಕೆ ತುದಿಯಲ್ಲಿ ಇನ್ನೊಂದು ಬಣ್ಣದ ತೋಳು ತೊಡಿಸಿದರೂ ಆದೀತು.

ನಮ್ಮ ಕರಾವಳಿಗೆ ಬೇರೆಯೇ ಒಂದು ಪಾಠವಿದೆ. ಉಪ್ಪು ಗಾಳಿ, ಆಟಿಯ ಮಳೆ, ಶೆಡ್ಡಿನ ಇಲಿ, ಈ ಮೂರು ಸೇರಿ ತಂತಿಗಿಂತ ಮೊದಲು ಅರ್ಥ್ ಅನ್ನು ತಿನ್ನುತ್ತವೆ. ಹಿತ್ತಾಳೆಯ ತುದಿಗಳು ಹಸಿರು ಹಿಡಿಯುತ್ತವೆ, ಬೋಲ್ಟಿನ ಕೆಳಗೆ ತುಕ್ಕು ಕೂರುತ್ತದೆ. ಜತೆಗೆ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯಲ್ಲಿ ಬಣ್ಣವೇ ಅರ್ಥ್‌ಗೆ ಅಡ್ಡ ನಿಲ್ಲುತ್ತದೆ. ಪೇಂಟಿಂಗ್ ಆಗುವವರೆಗೆ ಸರಿಯಿದ್ದ ಗೇಜ್ ಆಮೇಲೆ ಕೆಟ್ಟಿತು ಎಂದು ಮಾಲೀಕರು ಎಲೆಕ್ಟ್ರಿಷಿಯನ್ನನ್ನು ದೂರುವುದು ಇದರಿಂದಲೇ. ಬೋರ್ಡ್ ಕೂರುವ ಜಾಗವನ್ನೂ ಟ್ಯಾಂಕ್ ಯೂನಿಟ್ಟಿನ ಅಂಚನ್ನೂ ಹೊಳೆಯುವವರೆಗೆ ಉಜ್ಜಬೇಕು. ಗೇಜುಗಳ ಮೈಗೆ ಬೇರೆಯೇ ಕಪ್ಪು ತಂತಿ ಎಳೆದು ಚಾಸಿಗೆ ಕಟ್ಟಿದರೆ ಇನ್ನೂ ಒಳ್ಳೆಯದು.

ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಇನ್ನು ಹೊಸ ಅಂಬಾಸಿಡರ್ ಬರುವುದಿಲ್ಲ, ಇರುವವನ್ನೇ ಬಿಚ್ಚಿ ಕಟ್ಟುವುದು ಉಳಿದಿದೆ. ಬಣ್ಣ ಓದಿ ಕೆಲಸ ಮಾಡಿದ ಕಾಕಂದಿರಲ್ಲಿ ಹೆಚ್ಚಿನವರ ಕಣ್ಣು ಈಗ ಮಂಜು, ಹಸಿರು ಯಾವುದು, ನೀಲಿ ಗೆರೆ ಯಾವುದು ಎಂದು ಮೊಮ್ಮಕ್ಕಳನ್ನು ಕೇಳುವ ಕಾಲ. ಗಾಡಿ ಹೊಸದು ಮಾಡಿಸಲು ಹೊರಟವರು ಅಂಥ ಒಬ್ಬರನ್ನು ಅರ್ಧ ದಿನ ಕುರ್ಚಿ ಹಾಕಿ ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಕೆಲಸವನ್ನು ಕಿರಿಯರೇ ಮಾಡಲಿ. ಯಾವ ತಂತಿ ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟರೆ ಮುಂದಿನವರಿಗೆ ಉಪಕಾರ. ಕೊನೆಗೆ ಟ್ಯಾಂಕ್ ಯೂನಿಟ್ಟನ್ನು ಒಳಗೆ ಇಳಿಸುವ ಮೊದಲು, ಟ್ಯಾಂಕಿನ ಬಾಯಿ ಮುಚ್ಚಿ, ಯೂನಿಟ್ಟನ್ನು ದೂರದಲ್ಲಿ ಹೊರಗೆಯೇ ಹಿಡಿದು, ಮೈಗೆ ಒಂದು ಅರ್ಥ್ ತಂತಿ ಕಟ್ಟಿ, ತೇಲುಬುರುಡೆಯ ಕೈಯನ್ನು ಬೆರಳಿನಿಂದ ನಿಧಾನಕ್ಕೆ ಮೇಲೆ ಎತ್ತಬೇಕು. ಸೀಟಿನಲ್ಲಿ ಕೂತವರು ಮುಳ್ಳು ಎಲ್ಲಿದೆ ಎಂದು ಕೂಗಿ ಹೇಳುತ್ತಿರಬೇಕು: ಖಾಲಿ, ಕಾಲು, ಅರ್ಧ, ಮುಕ್ಕಾಲು.